ಸೀಳಿದ ಆಯಿಲ್ ಸಂಪಿಗೆ ಬೆಸುಗೆ: ಟ್ರ್ಯಾಕ್ಟರ್ ಉಳ್ಳವರು ತಿಳಿದಿರಬೇಕಾದ ವಿಷಯಗಳು

ಮುಂಗಾರು ಬಿತ್ತನೆಯಲ್ಲಿ ಹದವೆಂಬುದು ಕೆಲವೇ ದಿನಗಳ ಮಾತು. ಬೇಸಾಯ ಶಾಸ್ತ್ರದವನಾದ ನಾನು ಯಂತ್ರದ ವಿಷಯ ಬರೆಯುವುದಕ್ಕೂ ಈ ಹದವೇ ಕಾರಣ. ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಪ್ರಯೋಗ ತಾಕಿನಲ್ಲಿ ಟ್ರ್ಯಾಕ್ಟರ್ ಬದುವಿನ ಕಲ್ಲಿಗೆ ತಗುಲಿ, ಎಂಜಿನ್ನಿನ ಅಡಿಯ ಆಯಿಲ್ ಸಂಪ್ ಸೀಳಿತು. ಅವಸರದಲ್ಲಿ ಅದನ್ನು ಬಿಚ್ಚದೆಯೇ ಸಾಧಾರಣ ರಾಡಿನಿಂದ ಬೆಸುಗೆ ಹಾಕಿಸಿದೆವು; ಒಪ್ಪಿದವನು ನಾನೇ. ಮರುದಿನ ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಬಿಟ್ಟಿತು. ಚಾಲಕನ ಗಮನಕ್ಕೆ ಬರುವಷ್ಟರಲ್ಲಿ ಎಣ್ಣೆ ಸೋರಿ ಬೇರಿಂಗುಗಳು ಕೆಟ್ಟಿದ್ದವು. ಬಿತ್ತನೆ ಎರಡು ವಾರ ತಡವಾಯಿತು. ಇಂತಹ ನಷ್ಟ ಇತರರಿಗೆ ಆಗದಿರಲೆಂದು ಈ ಲೇಖನ.

ಸಂಪಿನ ಕೆಲಸವೇನು?

ಗ್ಯಾರೇಜಿನಲ್ಲಿ ಇದನ್ನು ಚೇಂಬರ್ ಎಂದೂ ಕರೆಯುವರು. ಎಂಜಿನ್ ಎಣ್ಣೆ ಇದರಲ್ಲಿ ಸಂಗ್ರಹವಾಗಿರುತ್ತದೆ. ಆಯಿಲ್ ಪಂಪು ಜಾಲರಿಯ ಮೂಲಕ ಈ ಎಣ್ಣೆಯನ್ನು ಹೀರಿ ಬೇರಿಂಗುಗಳಿಗೆ ಕಳುಹಿಸುತ್ತದೆ. ಎಣ್ಣೆ ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಕ್ರ್ಯಾಂಕ್ ಶಾಫ್ಟ್ ಕಚ್ಚಿಕೊಳ್ಳಬಹುದು. ಆದುದರಿಂದ ಎಣ್ಣೆ ಸೋರುವುದು ಕಂಡೊಡನೆ ಎಂಜಿನ್ ನಿಲ್ಲಿಸಬೇಕು. ಮನೆಯವರೆಗೆ ಓಡಿಸಿಕೊಂಡು ಹೋಗೋಣವೆಂಬ ಆಸೆ ಬೇಡ.

ಲೋಹವನ್ನು ಗುರುತಿಸುವುದು

ಬೆಸುಗೆಯ ವಿಧಾನ ಲೋಹವನ್ನು ಅವಲಂಬಿಸಿದೆ. ಸಂಪುಗಳು ಉಕ್ಕಿನ ತಗಡು, ಬೀಡು ಇಲ್ಲವೆ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿರುತ್ತವೆ. ಅಯಸ್ಕಾಂತ ಅಂಟದಿದ್ದರೆ ಅಲ್ಯೂಮಿನಿಯಂ. ಅಂಟಿದರೆ ಅರದಿಂದ ಸ್ವಲ್ಪ ಉಜ್ಜಿ ನೋಡಿರಿ. ಬೀಡು ಕಪ್ಪು ಬೂದು ಬಣ್ಣದ ಪುಡಿ ಕೊಡುತ್ತದೆ. ಉಕ್ಕಿನಿಂದ ಹೊಳೆಯುವ ಚೂರುಗಳು ಬರುತ್ತವೆ.

ಬೆಸುಗೆಗೆ ಮುಂಚೆ

೧. ಎಣ್ಣೆಯನ್ನು ಪಾತ್ರೆಗೆ ಬಸಿದು ಸಂಪನ್ನು ಬಿಚ್ಚಿ ಕೆಳಗಿಳಿಸಬೇಕು. ಎಂಜಿನ್ನಿನಲ್ಲಿರುವಾಗಲೇ ಬೆಸುಗೆ ಹಾಕಿದರೆ ಒಳಗಿನ ಎಣ್ಣೆಯ ಆವಿಗೆ ಬೆಂಕಿ ಹೊತ್ತಿಕೊಂಡು ಸಿಡಿಯಬಹುದು, ಪ್ಯಾಕಿಂಗ್ ಸುಡುತ್ತದೆ. ವಿದ್ಯುತ್ ಬೇರಿಂಗುಗಳ ಮೂಲಕ ಹರಿದು ಅವನ್ನೂ ಕೆಡಿಸಬಹುದು.

೨. ಒಳಗೂ ಹೊರಗೂ ಜಿಡ್ಡು ತೆಗೆಯಬೇಕು. ಬೀಡು ಮತ್ತು ಉಕ್ಕನ್ನು ಸೀಮೆಎಣ್ಣೆಯಿಂದ ತೊಳೆದು, ಅನಂತರ ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಸ್ವಚ್ಛ ನೀರು ಹಾಕಿ ಚೆನ್ನಾಗಿ ಒಣಗಿಸಬಹುದು. ಕೈಗವಸು, ಕನ್ನಡಕ ಧರಿಸಿರಬೇಕು. ಅಲ್ಯೂಮಿನಿಯಂಗೆ ಕಾಸ್ಟಿಕ್ ಸೋಡಾ ತಾಗಿಸಕೂಡದು. ಅದು ಲೋಹವನ್ನು ತಿಂದು, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಕ್ಲೋರಿನ್ ಇರುವ ಡಬ್ಬಿ ದ್ರಾವಕಗಳನ್ನೂ ಬಳಸಬಾರದು. ಬೆಸುಗೆಯ ಶಾಖಕ್ಕೆ ಅವುಗಳಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

೩. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಉದ್ದವಾಗಿರಬಹುದು. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿನುದ್ದಕ್ಕೂ ಒದ್ದೆಗೆರೆ ಮೂಡುತ್ತದೆ. ಅದರ ಎರಡು ತುದಿಗಳಲ್ಲಿಯೂ ೩ ಮಿ.ಮೀ. ರಂಧ್ರ ಕೊರೆಯಬೇಕು. ಇಲ್ಲವಾದರೆ ಬಿರುಕು ಮುಂದೆ ಓಡುತ್ತದೆ.

೪. ದಪ್ಪ ಎರಕವಾದರೆ ಬಿರುಕಿನ ಗುಂಟ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ, ದಪ್ಪದ ಸುಮಾರು ಮುಕ್ಕಾಲು ಪಾಲು ಆಳಕ್ಕೆ ಗಾಡಿ ತೆಗೆಯಬೇಕು.

ಬೆಸುಗೆಯ ವಿಧಾನ

ತಗಡಿನ ಸಂಪು: ಇದು ಎಲ್ಲಕ್ಕಿಂತ ಸುಲಭ. ಗ್ಯಾಸ್ ಬೆಸುಗೆ ಇಲ್ಲವೆ ಹಿತ್ತಾಳೆ ಬೆಸುಗೆ ಸಾಕು. ಶಾಖಕ್ಕೆ ಅಂಚು ಸೊಟ್ಟಗಾಗದಂತೆ ದಪ್ಪನೆಯ ಸಮತಟ್ಟಾದ ಹಲಗೆಗೆ ಬೋಲ್ಟಿನಿಂದ ಬಿಗಿದು ಕೆಲಸ ಮಾಡಿಸಬೇಕು.

ಬೀಡಿನ ಸಂಪು: ಎಚ್ಚರಿಕೆ ಬೇಕಾದುದು ಇಲ್ಲಿಯೇ. ಬೀಡಿನಲ್ಲಿ ಶೇ. ೨ರಿಂದ ೪ರವರೆಗೆ ಇಂಗಾಲವಿರುತ್ತದೆ. ಅದು ಬಾಗದು, ಒಡೆಯುತ್ತದೆ. ಒಂದೆಡೆ ಕಾಯ್ದು ಬೇಗ ತಣಿದರೆ ಬೆಸುಗೆ ಕುಗ್ಗುವಾಗ ಪಕ್ಕದ ಲೋಹವನ್ನು ಎಳೆದು ಸೀಳುತ್ತದೆ. ಅಲ್ಲಿನ ಲೋಹವೂ ಗಾಜಿನಂತೆ ಪೆಡಸಾಗುತ್ತದೆ. ನಮ್ಮ ತಾಕಿನಲ್ಲಿ ಆದದ್ದು ಇದೇ. ಬೀಡಿಗೆಂದೇ ಸಿಗುವ ನಿಕ್ಕಲ್ ರಾಡು ಬಳಸಬೇಕು. ಒಂದು ಸಲಕ್ಕೆ ೨೫ ಮಿ.ಮೀ.ಗಿಂತ ಹೆಚ್ಚು ಗೆರೆ ಎಳೆಯಬಾರದು. ಬಿಸಿ ಇರುವಾಗಲೇ ಚಿಕ್ಕ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಇದರಿಂದ ಎಳೆತ ತಗ್ಗುತ್ತದೆ. ಕೈ ಇಡುವಷ್ಟು ತಣಿದ ಮೇಲೆ, ಬೇರೊಂದು ಜಾಗದಲ್ಲಿ ಮುಂದಿನ ಗೆರೆ. ಮುಗಿದ ಮೇಲೆ ಒಣ ಮರಳು ಇಲ್ಲವೆ ಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ಆರಲು ಬಿಡಬೇಕು. ನೀರು ಹಾಕಲೇಕೂಡದು. ಈ ಕೆಲಸಕ್ಕೆ ಅರ್ಧ ದಿನ ಬೇಕು. ಅರ್ಧ ಗಂಟೆಯಲ್ಲಿ ಮಾಡಿಕೊಡುವೆನೆಂದರೆ ನಂಬಬೇಡಿರಿ.

ಅಲ್ಯೂಮಿನಿಯಂ ಸಂಪು: ಅಲ್ಯೂಮಿನಿಯಂ ೬೬೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮಿಶ್ರಲೋಹವಾದರೆ ಇನ್ನೂ ಕಡಿಮೆ. ಮೇಲಿನ ಆಕ್ಸೈಡ್ ಪದರ ಮಾತ್ರ ೨೦೦೦ ಡಿಗ್ರಿ ದಾಟುವವರೆಗೂ ಕರಗದು. ಕಾಯ್ದಾಗ ಬಣ್ಣವೂ ಕೆಂಪಾಗದ ಕಾರಣ ಹಠಾತ್ತನೆ ಕರಗಿ ತೂತು ಬೀಳುತ್ತದೆ. ಆರ್ಗಾನ್ ಅನಿಲದ ಟಿಗ್ ಬೆಸುಗೆ ಯಂತ್ರವಿರುವ ಪಟ್ಟಣದ ಅಂಗಡಿಗೆ ಒಯ್ಯುವುದೇ ಲೇಸು.

ಯಾವಾಗ ಬೆಸುಗೆ ಬೇಡ?

ಅನೇಕ ಟ್ರ್ಯಾಕ್ಟರುಗಳಿಗೆ ಬೇರೆ ಚಾಸಿಸ್ ಇರುವುದಿಲ್ಲ. ಎಂಜಿನ್, ಗೇರ್ ಪೆಟ್ಟಿಗೆಗಳೇ ಬೆನ್ನೆಲುಬು. ಕೆಲವು ಮಾದರಿಗಳಲ್ಲಿ ಬೀಡಿನ ಸಂಪೂ ಈ ಭಾರ ಹೊರುತ್ತದೆ. ಅಂತಹ ಸಂಪು ಬೋಲ್ಟು ಕೂಡುವ ಜಾಗದಲ್ಲಿ ಸೀಳಿದ್ದರೆ ಹೊಸದನ್ನೇ ಹಾಕಿಸಬೇಕು. ಎಪಾಕ್ಸಿ ಲೇಪ ಸಣ್ಣ ಬಿರುಕಿಗೆ ತಾತ್ಕಾಲಿಕ ಉಪಾಯವಷ್ಟೆ. ಯಾವುದಕ್ಕೂ ಮೊದಲು ಹೊಸ ಸಂಪಿನ ಬೆಲೆ ವಿಚಾರಿಸಿ ಹೋಲಿಸಿ ನೋಡುವುದು ಜಾಣತನ.

ಪರೀಕ್ಷೆ ಮತ್ತು ಜೋಡಣೆ

ಬೆಸುಗೆಯ ಹೊರಮೈಗೆ ಸುಣ್ಣದ ತಿಳಿ ಬಳಿದು ಒಣಗಿಸಿ, ಡ್ರೇನ್ ಪ್ಲಗ್ ಹಾಕಿ, ಒಳಗೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಡಬೇಕು. ಎಲ್ಲಿಯಾದರೂ ಒದ್ದೆಯ ಕಲೆ ಮೂಡಿದರೆ ಅಲ್ಲಿ ಬೆಸುಗೆ ಕೂಡಿಲ್ಲವೆಂದು ತಿಳಿಯಬೇಕು. ಒಳಗಿನ ಕಿಟ್ಟ, ಮರಳು, ಲೋಹದ ಪುಡಿಗಳನ್ನು ಪೂರ್ತಿ ತೆಗೆಯಬೇಕು. ಉಳಿದರೆ ಅವು ಎಣ್ಣೆಯೊಡನೆ ಸಾಗಿ ಪಂಪನ್ನೂ ಬೇರಿಂಗನ್ನೂ ತಿನ್ನುತ್ತವೆ. ಅಂಚು ಸಮವಾಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಿ, ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಹೊಸ ಎಣ್ಣೆ ತುಂಬಿ, ಎಂಜಿನ್ನನ್ನು ಹತ್ತು ನಿಮಿಷ ನಿಧಾನವಾಗಿ ಓಡಿಸಿ, ಎಣ್ಣೆಯ ಒತ್ತಡವನ್ನೂ ಬೆಸುಗೆಯ ಜಾಗವನ್ನೂ ಪರೀಕ್ಷಿಸಿದ ನಂತರವೇ ಹೊಲಕ್ಕಿಳಿಸಿರಿ. ಬಸಿದ ಹಳೆಯ ಎಣ್ಣೆಯನ್ನು ಬಾವಿಯ ಬಳಿ, ಬದುವಿನ ಮೇಲೆ ಚೆಲ್ಲಬಾರದು.

ಬಿತ್ತನೆಗೆ ಒಂದು ತಿಂಗಳ ಮುಂಚೆಯೇ ಟ್ರ್ಯಾಕ್ಟರಿನ ಅಡಿಯನ್ನು ತೊಳೆದು, ಸಂಪಿನ ಬೋಲ್ಟುಗಳನ್ನೂ ಬಿರುಕನ್ನೂ ನೋಡಿಕೊಂಡು, ಹೊಲದ ದೊಡ್ಡ ಕಲ್ಲು, ಬೊಡ್ಡೆಗಳನ್ನು ತೆಗೆಸಿದರೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ. ರಿಪೇರಿಗೆ ಅರ್ಧ ದಿನ ಹೆಚ್ಚು ಕೊಟ್ಟರೆ ಹದ ಉಳಿದೀತು. ಅವಸರಪಟ್ಟರೆ ಹದವೂ ಹೋದೀತು, ಎಂಜಿನ್ನೂ ಹೋದೀತು.