ಇಸೆ ಜಿಂಗು: ಪರೀಕ್ಷೆಗೆ ಮುಖ್ಯಾಂಶಗಳು

ಸ್ಥಳ: ಜಪಾನಿನ ಹೊನ್ಶು ದ್ವೀಪದ ಮಿಎ ಪ್ರಾಂತ್ಯದ ಇಸೆ ನಗರ. ಈ ಶಿಂಟೋ ದೇಗುಲದ ಅಧಿಕೃತ ಹೆಸರು ಬರೀ ‘ಜಿಂಗು’. ದೊಡ್ಡದು, ಚಿಕ್ಕದು ಎಲ್ಲ ಸೇರಿ 125 ಗುಡಿಗಳು ಇದರಡಿ ಬರುತ್ತವೆ.

ದೇವತೆಗಳು: ಒಳ ದೇಗುಲ ‘ನೈಕು’ವಿನಲ್ಲಿ ಸೂರ್ಯದೇವತೆ ಅಮತೆರಾಸು, ಹೊರ ದೇಗುಲ ‘ಗೆಕು’ವಿನಲ್ಲಿ ಅನ್ನದ ದೇವತೆ ತೊಯೊಉಕೆ. ಎರಡೂ ಒಂದೇ ಆವರಣದಲ್ಲಿಲ್ಲ, ನಡುವೆ ಕೆಲವು ಕಿಲೋಮೀಟರ್ ದೂರವಿದೆ. ಮೊದಲು ಗೆಕು, ಆಮೇಲೆ ನೈಕು; ಇದು ಯಾತ್ರೆಯ ಸಂಪ್ರದಾಯ.

ನೈವೇದ್ಯ: ಗೆಕುವಿನಲ್ಲಿ ದಿನಕ್ಕೆರಡು ಹೊತ್ತು. ಅರ್ಚಕರು ಮರಕ್ಕೆ ಮರ ಉಜ್ಜಿ ಹೊತ್ತಿಸಿದ ಬೆಂಕಿಯಲ್ಲೇ ಅಡುಗೆಯಾಗಬೇಕು. ಅನ್ನ, ಉಪ್ಪು, ನೀರು, ಸಾಕೆ ಮದ್ಯದ ಜೊತೆಗೆ ಮೀನು, ಕಡಲಪಾಚಿ, ತರಕಾರಿ, ಹಣ್ಣು. ಮೀನಿಗೆ ಮಡಿಯ ಅಡ್ಡಿಯಿಲ್ಲ.

ರಾಜಮನೆತನದ ನಂಟು: ಅಮತೆರಾಸು ಚಕ್ರವರ್ತಿಗಳ ಮೂಲಮಾತೆಯೆಂಬ ನಂಬಿಕೆ. ಮೂರು ರಾಜಲಾಂಛನಗಳಲ್ಲಿ ಒಂದಾದ ‘ಯಾತ ನೊ ಕಗಾಮಿ’ ಕನ್ನಡಿ ನೈಕುವಿನಲ್ಲಿದೆ ಎನ್ನುತ್ತಾರೆ, ಯಾರಿಗೂ ತೋರಿಸುವುದಿಲ್ಲ. 14ನೇ ಶತಮಾನದವರೆಗೆ ಅವಿವಾಹಿತ ರಾಜಕುಮಾರಿಯೊಬ್ಬಳು ‘ಸಾಯಿಒ’ ಎಂಬ ಹೆಸರಿನಲ್ಲಿ ಇಲ್ಲಿ ದೇವಿಯ ಸೇವೆಗೆ ನೇಮಕವಾಗುತ್ತಿದ್ದಳು.

ಶಿಕಿನೆನ್ ಸೆಂಗು (ಅತಿ ಮುಖ್ಯ): 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ನಿವೇಶನದಲ್ಲಿ ಗುಡಿಯನ್ನು ಹೊಸದಾಗಿ ಕಟ್ಟಿ, ರಾತ್ರಿಯ ಮೆರವಣಿಗೆಯಲ್ಲಿ ದೇವಿಯನ್ನು ಅಲ್ಲಿಗೆ ಸ್ಥಳಾಂತರಿಸುತ್ತಾರೆ. ಮೊದಲ ಸಲ ಕ್ರಿ.ಶ. 690ರಲ್ಲಿ, ಸಾಮ್ರಾಜ್ಞಿ ಜಿತೊ ಕಾಲದಲ್ಲಿ. 62ನೆಯದು 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಹಾಗಾಗಿ ಪದ್ಧತಿ 1,300 ವರ್ಷ ಹಳೆಯದಾದರೂ ಕಟ್ಟಡಕ್ಕೆ ಸಾಮಾನ್ಯವಾಗಿ 20 ವರ್ಷ ದಾಟುವುದಿಲ್ಲ. ‘ಜಪಾನಿನ ಅತ್ಯಂತ ಹಳೆಯ ಮರದ ಕಟ್ಟಡ’ ಎಂಬ ಪ್ರಶ್ನೆಗೆ ಇಸೆ ಎಂದು ಬರೆದರೆ ಅಂಕ ಹೋಯಿತು. ಉತ್ತರ ನಾರಾ ಪ್ರಾಂತ್ಯದ ಹೊರ್ಯುಜಿ, ಅದೂ ಬೌದ್ಧ ವಿಹಾರ.

ಇಪ್ಪತ್ತೇ ಏಕೆ? ನೆಲದಲ್ಲಿ ಹೂತ ಕಂಬ, ಹುಲ್ಲಿನ ಮಾಡು ಅದಕ್ಕಿಂತ ಹೆಚ್ಚು ತಾಳುವುದಿಲ್ಲ ಎಂಬುದು ಒಂದು ಕಾರಣ. ಹಿರಿಯ ಬಡಗಿಯ ಕೈಕೆಲಸ ಕಿರಿಯನಿಗೆ ದಾಟುತ್ತದೆ ಎಂಬುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಹಳೆಯ ಮರ ವ್ಯರ್ಥವಾಗದು: ಮುಖ್ಯ ಗುಡಿಯ ದೊಡ್ಡ ಕಂಬಗಳು ಇಸುಜು ನದಿಯ ಮೇಲಿನ ಉಜಿ ಸೇತುವೆಯ ತುದಿಗಳಲ್ಲಿ ತೊರಿಇ ಕಮಾನುಗಳಾಗುತ್ತವೆ.

ವಾಸ್ತುಶೈಲಿ: ಶಿನ್‌ಮೇಯ್-ಝುಕುರಿ. ಬಣ್ಣ ಬಳಿಯದ ಹಿನೊಕಿ ಮರ. ಮಾಡಿನ ಮೇಲಿನ ಅಡ್ಡದಿಮ್ಮಿಗಳು ನೈಕುವಿನಲ್ಲಿ 10, ಗೆಕುವಿನಲ್ಲಿ 9.

ಅಡಚಣೆಗಳು: 15–16ನೇ ಶತಮಾನದ ಅಂತರ್ಯುದ್ಧಗಳಿಂದ ಮರುನಿರ್ಮಾಣ 120 ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಎರಡನೇ ಮಹಾಯುದ್ಧದ ಸೋಲಿನ ನಂತರ ಸರ್ಕಾರಕ್ಕೂ ಶಿಂಟೋ ಧರ್ಮಕ್ಕೂ ಇದ್ದ ನಂಟು ಕಡಿಯಿತು. 1949ಕ್ಕೆ ಆಗಬೇಕಿದ್ದ 59ನೆಯ ಸೆಂಗು ಜನರ ದೇಣಿಗೆಯಿಂದ 1953ರಲ್ಲಿ ನಡೆಯಿತು.