ಹರ್ನಿಯಾ: ಹೊಲಿಗೆಯಿಂದ ಜಾಲರಿಯವರೆಗೆ

ಉದರದ ಮುಂಭಾಗದ ಸ್ನಾಯುಗಳ ಗೋಡೆ ಎಲ್ಲೆಡೆಯೂ ಒಂದೇ ಸಮನಾಗಿ ಬಲವಾಗಿರುವುದಿಲ್ಲ. ಹೊಕ್ಕುಳು, ತೊಡೆಸಂದು, ಹಿಂದೆ ಶಸ್ತ್ರಚಿಕಿತ್ಸೆಯಾದ ಗಾಯದ ಗುರುತು, ಇವು ಅದರ ದುರ್ಬಲ ತಾಣಗಳು. ಅಂಥ ಕಡೆ ಗೋಡೆ ಬಿಟ್ಟುಕೊಂಡು ಒಳಗಿನ ಕೊಬ್ಬೋ, ಕರುಳಿನ ಒಂದು ಸುರುಳಿಯೋ ಪೊರೆಯ ಚೀಲದೊಡನೆ ಹೊರಕ್ಕೆ ನುಗ್ಗಿ ಬರುವುದಕ್ಕೆ ಹರ್ನಿಯಾ ಎಂದು ಹೆಸರು. ಊರುಗಳ ಕಡೆ ಅಂಡವಾಯು ಎನ್ನುವುದೂ ಉಂಟು. ಆದರೆ ವೃಷಣದಲ್ಲಿ ನೀರು ತುಂಬುವ ಬೇರೊಂದು ಕಾಯಿಲೆಗೂ ಜನ ಅದೇ ಹೆಸರನ್ನು ಬಳಸುವುದರಿಂದ ಯಾವುದು ಯಾವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಗಂಡಸರಲ್ಲಿ ನಾಲ್ವರಿಗೊಬ್ಬರು ಜೀವಮಾನದಲ್ಲಿ ಎಂದಾದರೂ ತೊಡೆಸಂದಿನ ಹರ್ನಿಯಾಕ್ಕೆ ಗುರಿಯಾಗುತ್ತಾರೆ. ಗಂಡು ಶಿಶುವಿನ ವೃಷಣಗಳು ಹುಟ್ಟುವ ಮೊದಲು ಹೊಟ್ಟೆಯೊಳಗಿನಿಂದ ಇಳಿದು ಬರುವ ದಾರಿಯೇ ಅಲ್ಲಿ ದುರ್ಬಲವಾಗಿ ಉಳಿಯುವುದು ಇದಕ್ಕೆ ಕಾರಣ. ನಿಂತಾಗ, ಕೆಮ್ಮಿದಾಗ ಉಬ್ಬು ಕಾಣಿಸುತ್ತದೆ; ಮಲಗಿದರೆ ಮಾಯವಾಗುತ್ತದೆ. ಹೀಗೆ ಮಾಯವಾಗುವುದರಿಂದಲೇ ರೋಗಿಗೆ ಧೈರ್ಯ. ದೂರದ ನಗರದಲ್ಲಿ ನೌಕರಿ ಮಾಡುವವರು ನಾಚಿಕೆಯಿಂದ ಮನೆಯವರಿಗೂ ಹೇಳದೆ, ಅಂಗಡಿಯಿಂದ ಬೆಲ್ಟು ತಂದು ಕಟ್ಟಿಕೊಂಡು, ರಜೆಯಲ್ಲಿ ಊರಿಗೆ ಹೋದಾಗ ನೋಡೋಣವೆಂದು ವರ್ಷಗಟ್ಟಲೆ ಮುಂದೂಡುತ್ತಾರೆ. ಬೆಲ್ಟು ಉಬ್ಬನ್ನು ಒತ್ತಿ ಹಿಡಿದೀತೇ ಹೊರತು ರಂಧ್ರವನ್ನು ಮುಚ್ಚಲಾರದು.

ಹೊರಬಂದ ಕರುಳು ಕಿರಿದಾದ ಕಂಡಿಯಲ್ಲಿ ಸಿಕ್ಕಿಕೊಂಡರೆ ಅದರ ರಕ್ತಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಆ ಭಾಗ ಸಾಯತೊಡಗುತ್ತದೆ. ಉಬ್ಬು ಗಟ್ಟಿಯಾಗಿ ಒಳಸೇರದಿರುವುದು, ತೀವ್ರ ನೋವು, ವಾಂತಿ, ಹೊಟ್ಟೆಯುಬ್ಬರ, ಇವು ಕಂಡ ರಾತ್ರಿಯೇ ಆಸ್ಪತ್ರೆ ಸೇರಬೇಕು, ಬೆಳಗಾಗಲಿ ಎನ್ನುವಂತಿಲ್ಲ. ಹೆಂಗಸರಲ್ಲಿ ತೊಡೆಸಂದಿಗೂ ತುಸು ಕೆಳಗೆ, ತೊಡೆಯ ರಕ್ತನಾಳಗಳ ಪಕ್ಕದಲ್ಲಿ ಮೂಡುವ ಹರ್ನಿಯಾ ಚಿಕ್ಕದಾಗಿ ಕಂಡರೂ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಅದನ್ನು ಕಂಡೊಡನೆ ಸರಿಪಡಿಸುವುದೇ ಲೇಸೆಂದು ಶಸ್ತ್ರವೈದ್ಯರ ಮತ.

ಇದರ ಶಸ್ತ್ರಚಿಕಿತ್ಸೆಗೆ ಭದ್ರವಾದ ಬುನಾದಿ ಹಾಕಿದವನು ಇಟಲಿಯ ಪಾದುವಾ ನಗರದ ಎದ್ವಾರ್ದೊ ಬಾಸ್ಸಿನಿ. ತರುಣನಾಗಿದ್ದಾಗ 1867ರ ಯುದ್ಧದಲ್ಲಿ ಕೆಳಹೊಟ್ಟೆಗೆ ಬಯೊನೆಟ್ಟಿನ ತಿವಿತ ತಿಂದು ಬದುಕಿದವನು ಮುಂದೆ ಆ ಭಾಗದ ರಚನೆಯನ್ನೇ ವ್ಯಾಸಂಗದ ವಿಷಯವಾಗಿ ಮಾಡಿಕೊಂಡದ್ದು ವಿಧಿಯ ವಿಚಿತ್ರ. ಅವನಿಗೆ ಹಿಂದಿನವರು ಚೀಲವನ್ನು ಕಟ್ಟಿ ಕತ್ತರಿಸಿ, ಬಾಯಿಯನ್ನು ಹೊಲಿದು ಬಿಡುತ್ತಿದ್ದರು, ರೋಗ ಮರುಕಳಿಸುತ್ತಿತ್ತು. ಬಾಸ್ಸಿನಿ 1880ರ ದಶಕದಲ್ಲಿ ನಾಳದ ಹಿಂಗೋಡೆಯನ್ನೇ ಬಿಡಿಸಿ, ಮೂರು ಪದರಗಳನ್ನು ಕೂಡಿಸಿ, ಕೆಳಗಿನ ಗಟ್ಟಿ ಕಟ್ಟಿಗೆ ಹೊಲಿದನು. ಟೊರಾಂಟೊದ ಅರ್ಲ್ ಶೌಲ್ಡೈಸ್ 1940ರ ದಶಕದಲ್ಲಿ ಇದನ್ನು ನಾಲ್ಕು ಸಾಲಿನ ಹೊಲಿಗೆಯಾಗಿ ಬೆಳೆಸಿದನು. ಅವನ ಹೆಸರಿನ ಆಸ್ಪತ್ರೆಯಲ್ಲಿ ಹರ್ನಿಯಾವೊಂದೇ ಕಸುಬು.

ಆದರೂ ಒಂದು ತೊಡಕು ಉಳಿಯಿತು. ಜೀರ್ಣವಾದ ಪಂಚೆಯ ಹರಿದ ಅಂಚುಗಳನ್ನು ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ತೇಪೆ ಹಾಕಿದರೆ ನಿಲ್ಲುತ್ತದೆ. ಅಮೆರಿಕದ ಫ್ರಾನ್ಸಿಸ್ ಅಶರ್ 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಜಾಲರಿಯನ್ನು ಬಳಕೆಗೆ ತಂದನು. ಲಾಸ್ ಏಂಜಲೀಸಿನ ಇರ್ವಿಂಗ್ ಲಿಕ್ಟೆನ್‌ಸ್ಟೈನ್ 1980ರ ದಶಕದಲ್ಲಿ ಎಳೆತವೇ ಇಲ್ಲದಂತೆ ಜಾಲರಿಯನ್ನು ಹಾಸಿ ಹೊಲಿಯುವ ಕ್ರಮವನ್ನು ಪ್ರಚುರಪಡಿಸಿದನು. ಜಾಲರಿಯ ಕಣ್ಣುಗಳೊಳಗೆ ದೇಹದ ಅಂಗಾಂಶವೇ ಬೆಳೆದು ಗೋಡೆಯಾಗುತ್ತದೆ. ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡಬಹುದಾದ್ದರಿಂದ ಹೃದ್ರೋಗವಿರುವ ವೃದ್ಧರಿಗೂ ಇದು ಒಗ್ಗುತ್ತದೆ. ಮಕ್ಕಳಿಗೆ ಮಾತ್ರ ಜಾಲರಿ ಬೇಕಿಲ್ಲ; ಚೀಲವನ್ನು ಕಟ್ಟಿದರೆ ಸಾಕು.

ಈ ವಿಷಯದಲ್ಲಿ ಮಹಾರಾಷ್ಟ್ರದ ಇಬ್ಬರು ವೈದ್ಯರ ಕೆಲಸ ಗಮನಾರ್ಹ. ಪುಣೆಯ ಡಾ. ಮೋಹನ ದೇಸರ್ಡಾ ಜಾಲರಿಯ ಬದಲು ರೋಗಿಯ ಹೊರಸ್ನಾಯುವಿನ ಪೊರೆಯಿಂದಲೇ ಒಂದು ಪಟ್ಟಿಯನ್ನು, ತುದಿಗಳನ್ನು ಕಡಿಯದೆ ಬಿಡಿಸಿ, ಹಿಂಗೋಡೆಗೆ ಹೊಲಿಯುವ ವಿಧಾನವನ್ನು 400 ರೋಗಿಗಳ ಅನುಭವದೊಡನೆ 2001ರಲ್ಲಿ ಪ್ರಕಟಿಸಿದರು. ಧುಳೆ ಜಿಲ್ಲೆಯ ದೊಂಡಾಯಿಚಾದ ಡಾ. ರವೀಂದ್ರನಾಥ ಟೊಂಗಾಂವ್ಕರ್ ಮತ್ತು ಸಂಗಡಿಗರು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಜಾಲರಿಯಾಗಿ ಬಳಸಿದ ಫಲಿತಾಂಶವನ್ನು 2003ರಲ್ಲಿ ಮುಂದಿಟ್ಟರು. ನಕ್ಕವರೂ ಇದ್ದಿರಬಹುದು. ಆದರೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ಬಳಿಕ ಈ ಬಗೆಯ ಅಗ್ಗದ ಜಾಲರಿಯವರಲ್ಲಿ ರೋಗ ಮರುಕಳಿಸಿದ್ದು ಒಬ್ಬನಿಗೆ, ಕಂಪನಿಯ ಜಾಲರಿಯವರಲ್ಲಿ ಯಾರಿಗೂ ಇಲ್ಲ. ಅಗ್ಗದ್ದಕ್ಕೆ ಬಿದ್ದ ಖರ್ಚು ಒಂದು ಡಾಲರಿಗೂ ಕಡಿಮೆ, ಇನ್ನೊಂದಕ್ಕೆ ನೂರು ಡಾಲರಿಗೂ ಮೇಲೆ! ಪೇಟೆಯ ಯಾವುದೇ ಸೊಳ್ಳೆಪರದೆ ಆದೀತೆಂದು ಇದರರ್ಥವಲ್ಲ. ಕೀಟನಾಶಕ ಸವರದ, ಕ್ರಮವಾಗಿ ಶುದ್ಧಿಗೊಳಿಸಿದ ಬಟ್ಟೆಯೇ ಆಗಬೇಕು.

1990ರ ದಶಕದಿಂದ ದೂರದರ್ಶಕ ನಳಿಗೆಯ ಮೂಲಕ, ಎಂದರೆ ಲ್ಯಾಪರೊಸ್ಕೋಪಿಯಿಂದ, ಮೂರು ಸಣ್ಣ ರಂಧ್ರಗಳಲ್ಲೇ ಜಾಲರಿಯನ್ನು ಒಳಗಿನಿಂದ ಹಾಸುವ ವಿಧಾನ ಬಂದಿದೆ. ನೋವು ಕಡಿಮೆ, ಕೆಲಸಕ್ಕೆ ಮರಳುವುದು ಬೇಗ. ಎರಡೂ ಬದಿಯ ಹರ್ನಿಯಾಕ್ಕೂ, ತೆರೆದ ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸಿದ್ದಕ್ಕೂ ಇದು ವಿಶೇಷವಾಗಿ ಹೊಂದುತ್ತದೆ. ಆದರೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು, ಖರ್ಚು ಹೆಚ್ಚು, ಶಸ್ತ್ರವೈದ್ಯನ ಕೈಗೆ ದೀರ್ಘ ಅಭ್ಯಾಸವಿರಬೇಕು. ಯಂತ್ರಕ್ಕಿಂತ ಕೈಯನ್ನು ವಿಚಾರಿಸುವುದೇ ಜಾಣತನ: ‘ತಾವು ಇಂಥವನ್ನು ಎಷ್ಟು ಮಾಡಿದ್ದೀರಿ?’ ಎಂದು ಕೇಳುವುದರಲ್ಲಿ ಅವಿನಯವಿಲ್ಲ. ಯಾವ ವಿಧಾನವೇ ಆಗಲಿ, ಕೆಲವರಿಗೆ ತೊಡೆಸಂದಿನಲ್ಲಿ ತಿಂಗಳುಗಟ್ಟಲೆ ನೋವು ಉಳಿಯುವುದುಂಟು. ಅದನ್ನೂ ಮೊದಲೇ ಕೇಳಿ ತಿಳಿದಿರಬೇಕು.

ಉದರಭಿತ್ತಿಯ ಹಳೆಯ ಗಾಯದಲ್ಲಿ ಮೂಡುವ ಹರ್ನಿಯಾದ ದುರಸ್ತಿ ಇದಕ್ಕಿಂತ ಕಠಿಣ. ದೊಡ್ಡ ಬಿರುಕಿಗೆ ಸ್ನಾಯುವಿನ ಹಿಂದೆ ವಿಶಾಲವಾದ ಜಾಲರಿಯನ್ನು ಹಾಸುತ್ತಾರೆ. ಧೂಮಪಾನ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಅತಿಯಾದ ತೂಕ ಇವು ಆ ಕೆಲಸವನ್ನು ಕೆಡಿಸುವುದರಿಂದ ಅವಸರವಿಲ್ಲದಿದ್ದರೆ ವೈದ್ಯರು ಮೊದಲು ಇವನ್ನು ಸರಿಪಡಿಸಿಕೊಂಡು ಬರಹೇಳುತ್ತಾರೆ.

ತೊಂದರೆ ಕೊಡದ ತೊಡೆಸಂದಿನ ಉಬ್ಬನ್ನು ಕಾದು ನೋಡಬಾರದೇ? ಗಂಡಸರಾದರೆ, ವೈದ್ಯರ ಕಣ್ಣಳತೆಯಲ್ಲಿದ್ದರೆ, ನೋಡಬಹುದು. 720 ಗಂಡಸರನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಕಾದವರಿಗೆ ತುರ್ತು ಅಪಾಯ ಬಂದದ್ದು ತೀರ ವಿರಳ. ಆದರೆ ಹತ್ತು ವರ್ಷ ತುಂಬುವುದರೊಳಗೆ ಅವರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನ ನೋವು ತಾಳದೆ ತಾವಾಗಿಯೇ ಶಸ್ತ್ರಚಿಕಿತ್ಸೆಗೆ ಬಂದಿದ್ದರು. ಕಾಯುವವರು ಆ ಅವಧಿಯಲ್ಲಿ ತಮ್ಮ ವಿಮಾಪತ್ರವನ್ನು ತೆಗೆದು ಓದುವುದು ಒಳಿತು. ಅನೇಕ ಆರೋಗ್ಯ ವಿಮೆಗಳು ಮೊದಲ ಒಂದೆರಡು ವರ್ಷ ಹರ್ನಿಯಾದ ಖರ್ಚನ್ನು ಕೊಡುವುದಿಲ್ಲ. ಆ ಷರತ್ತು ಸಣ್ಣಕ್ಷರದಲ್ಲೇ ಇರುತ್ತದೆ.