ಉಕ್ತಲೇಖನದ ತಪ್ಪು ಎಲ್ಲಿ ಹುಟ್ಟುತ್ತದೆ? – ಮೂಲ ಮನೋವ್ಯಾಪಾರಗಳ ಪರಿಚಯ

ತಾಳವಾಡಿಯ ಅಥವಾ ಹೊಸೂರಿನ ಕನ್ನಡ ಶಾಲೆಯೊಂದರ ಮೂರನೆಯ ತರಗತಿಯಲ್ಲಿ ಶಿಕ್ಷಕರು ‘ಗಾಳಿ’ ಎನ್ನುತ್ತಾರೆ. ಬಾಲಕನೊಬ್ಬ ‘ಕಾಳಿ’ ಎಂದು ಬರೆಯುತ್ತಾನೆ ಎಂದಿಟ್ಟುಕೊಳ್ಳೋಣ. ಕೆಂಪು ಗೆರೆಯೆಳೆದು ‘ಹತ್ತು ಸಲ ಬರೆ’ ಎನ್ನುವುದು ರೂಢಿ. ಆದರೆ ಕೇಳಿದ ಪದವು ಬರಹವಾಗುವ ಮುನ್ನ ಸಂವೇದನೆ, ಅವಧಾನ, ಗ್ರಹಿಕೆ, ಸ್ಮೃತಿ ಎಂಬ ನಾಲ್ಕು ಮನೋವ್ಯಾಪಾರಗಳನ್ನು ಹಾದುಬರಬೇಕು. ತಪ್ಪು ಯಾವುದರಲ್ಲಿ ಹುಟ್ಟಿತೆಂದು ಅರಿಯದೆ ಮಾಡುವ ತಿದ್ದುಪಡಿ, ರೋಗವರಿಯದೆ ಕೊಟ್ಟ ಮದ್ದಿನಂತೆ.

1. ಸಂವೇದನೆ: ಧ್ವನಿಯು ಕಿವಿಯನ್ನು ತಲಪಿ ನರಸಂದೇಶವಾಗುವುದೇ ಸಂವೇದನೆ. ಕಿವಿ ಸೋರುವ ಮಗುವಿಗೆ ಪದವು ಮಸುಕಾಗಿಯೇ ಕೇಳಿಸುತ್ತದೆ. ಅದಕ್ಕೆ ಬೇಕಾದುದು ಮುಂದಿನ ಸಾಲಿನ ಜಾಗ ಮತ್ತು ವೈದ್ಯರ ಪರೀಕ್ಷೆ.

2. ಅವಧಾನ: ಏಕಕಾಲಕ್ಕೆ ಬರುವ ಹಲವು ಸಂವೇದನೆಗಳಲ್ಲಿ ಒಂದನ್ನು ಆರಿಸಿ ಅದರಲ್ಲಿ ಮನಸ್ಸನ್ನು ನಿಲ್ಲಿಸುವುದು ಅವಧಾನ. ಎರಡು ತರಗತಿಗಳು ಒಂದೇ ಕೊಠಡಿಯಲ್ಲಿ ನಡೆಯುವಾಗ ಇದು ಸುಲಭವಾಗಿ ಚೆದುರುತ್ತದೆ.

3. ಗ್ರಹಿಕೆ: ಸಂವೇದನೆಗೆ ಅರ್ಥ ಕೊಡುವುದು ಗ್ರಹಿಕೆ, ಇದನ್ನು ಪೂರ್ವಾನುಭವವು ರೂಪಿಸುತ್ತದೆ. ವರ್ಕರ್ ಮತ್ತು ಟೀಸ್ ಅವರ 1984ರ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಶಿಶುಗಳು ಹಿಂದಿಯ ತ–ಟ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅಚ್ಚ ತಮಿಳು ಪದಗಳಲ್ಲಿ ಈ ಭೇದವು ಸ್ಥಾನವನ್ನು ಅನುಸರಿಸುವುದೇ ಹೊರತು ಅರ್ಥವನ್ನು ಬದಲಿಸದು. ತಮಿಳು ಮನೆಮಾತಿನ ಮಗು ‘ಗಾಳಿ’ಯನ್ನು ‘ಕಾಳಿ’ ಎಂದು ಬರೆದರೆ ಅದು ಅಲಕ್ಷ್ಯವೇ ಆಗಿರಬೇಕಿಲ್ಲ.

4. ಸ್ಮೃತಿ: ಕ್ಷಣಿಕ ಸ್ಮೃತಿಯ ಮಿತಿ ಸುಮಾರು ಏಳು ಘಟಕಗಳೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಸೂಚಿಸಿದರು, ಅದು ಇನ್ನೂ ಕಡಿಮೆಯೆಂಬುದು ನಂತರದ ಅಂದಾಜು. ಪರಿಚಿತ ಪದವು ಒಂದೇ ಘಟಕ. ಅಪರಿಚಿತ ಪದದ ಒಂದೊಂದು ಅಕ್ಷರವೂ ಒಂದೊಂದು ಘಟಕ. ಆದುದರಿಂದ ಮನೆಯಲ್ಲಿ ಕನ್ನಡವಾಡದ ಮಗು ದೀರ್ಘ ವಾಕ್ಯದ ಕೊನೆಯನ್ನು ಕಳೆದುಕೊಳ್ಳುತ್ತದೆ. ಕಲಿತ ಮೊದಲ ಗಂಟೆಗಳಲ್ಲಿ ಮರೆವು ತೀವ್ರ, ಬಳಿಕ ನಿಧಾನ ಎಂದು ಎಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. ಒಂದೇ ದಿನ ಹತ್ತು ಸಲ ಬರೆಸುವುದಕ್ಕಿಂತ ಇಂದು, ನಾಳೆ, ವಾರದ ನಂತರ ಎರಡೆರಡು ಸಲ ನೆನಪಿನಿಂದ ಬರೆಸುವುದು ಫಲಕಾರಿ.

ಪತ್ತೆಯ ಕ್ರಮ: ಮೊದಲು ಮಗುವಿನ ಹಿಂದೆ ನಿಂತು ಕಾಳಿ–ಗಾಳಿ, ಪಟ್ಟೆ–ಬಟ್ಟೆ, ಗಾಳಿ–ಗಾಳಿ ಮುಂತಾದ ಜೋಡಿಗಳನ್ನು ಹೇಳಿ, ‘ಒಂದೆಯೋ, ಬೇರೆಯೋ’ ಎಂದು ಕೇಳಿರಿ. ಮೆಲುದನಿಯಲ್ಲಿ ಮಾತ್ರ ತಪ್ಪಿದರೆ ಶ್ರವಣವನ್ನು ಪರೀಕ್ಷಿಸಿಸಿರಿ. ಗಟ್ಟಿಯಾಗಿ ಹೇಳಿದಾಗಲೂ ಇಂತಹ ಜೋಡಿಗಳಲ್ಲಿಯೇ ತಪ್ಪಿದರೆ ದೋಷವು ಗ್ರಹಿಕೆಯದು. ಬರೆಯಿಸುವ ಮೊದಲು ಕೇಳಿಸುವ, ಉಚ್ಚರಿಸುವ ಅಭ್ಯಾಸ ಬೇಕು. ಭೇದ ಗುರುತಿಸಿಯೂ ತಪ್ಪು ಅಕ್ಷರ ಬರೆದರೆ ಧ್ವನಿ–ಅಕ್ಷರ ಸಂಬಂಧದ ಸ್ಮೃತಿ ದುರ್ಬಲ. ಬಿಡಿಪದ ಸರಿಯಾಗಿದ್ದು ವಾಕ್ಯದಲ್ಲಿ ತಪ್ಪಿದರೆ ಹೊರೆ ಹೆಚ್ಚಾಗಿದೆ. ವಾಕ್ಯವನ್ನು ತುಂಡರಿಸಿ ಹೇಳಿರಿ. ತಪ್ಪುಗಳಿಗೆ ಯಾವ ಕ್ರಮವೂ ಕಾಣದಿದ್ದರೆ ಅವಧಾನವನ್ನು ಗಮನಿಸಿರಿ.

ಗಡಿಯಾಚೆಯ ಕನ್ನಡ ಶಾಲೆಯಲ್ಲಿ ‘ದಡ್ಡ’ ಎನಿಸಿಕೊಂಡ ಮಗುವಿಗೆ ಪಕ್ಕದ ಮಾಧ್ಯಮದ ಬಾಗಿಲು ಸದಾ ತೆರೆದಿರುತ್ತದೆ. ಅದು ಅತ್ತ ನಡೆದುಹೋದರೆ ನಮ್ಮ ತರಗತಿ ಕಳೆದುಕೊಳ್ಳುವುದು ಒಂದು ಹೆಸರನ್ನಷ್ಟೇ ಅಲ್ಲ, ಕಲಿಯಬಲ್ಲ ಒಂದು ಮಗುವನ್ನು.

ಅಭ್ಯಾಸ: ತಮ್ಮ ತರಗತಿಯ ಐದು ಉಕ್ತಲೇಖನಗಳಲ್ಲಿನ ತಪ್ಪುಗಳನ್ನು ಮೇಲಿನ ನಾಲ್ಕು ಶೀರ್ಷಿಕೆಗಳಡಿ ವಿಂಗಡಿಸಿ, ಪ್ರತಿಯೊಂದಕ್ಕೂ ಸೂಕ್ತ ಪರಿಹಾರವನ್ನು ಬರೆಯಿರಿ.